ದಾವೆಯ ರೊಕ್ಕ, ಬೆಲೀಫನ ಪಗಾರ

ಕೋರ್ಟಿನಲ್ಲಿ ಮಂದಿ ಕಡಿಮೆ, ಇದ್ದವರ ಪಗಾರಕ್ಕೆ ಸರ್ಕಾರ ರೊಕ್ಕ ಹೊಂದಿಸಬೇಕು, ಹಾಗಿದ್ದರೆ ದಾವೆ ಹಾಕುವವರಿಂದಲೇ ಇನ್ನಷ್ಟು ಫೀ ತೆಗೆದುಕೊಂಡರೆ ತಪ್ಪೇನು? ಗೋಕಾಕದಲ್ಲೋ ಹುಕ್ಕೇರಿಯಲ್ಲೋ ಕೋರ್ಟಿನೆದುರಿನ ಚಹಾದಂಗಡಿಯಲ್ಲಿ ತಾರೀಖಿಗೆ ಬಂದವರು ಕೂತು ಮಾತಾಡುವಾಗ ಇಂಥ ಪ್ರಶ್ನೆ ಬಂದೇ ಬರುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹೌದು ಅನ್ನುವ ಮೊದಲು, ಇಲ್ಲ ಅನ್ನುವ ಮೊದಲೂ, ಈ ಫೀ ಯಾರು ಕಟ್ಟುತ್ತಾರೆ, ಎಷ್ಟು ಕಟ್ಟುತ್ತಾರೆ, ಕಟ್ಟಿದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿರಬೇಕು. ಕಾನೂನು ಓದದವರಿಗಾಗಿ, ಮೊದಲ ಸಲ ವಕೀಲರ ಮುಂದೆ ಕೂರಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪೆನ್ನು, ಹಾಳೆ ಹತ್ತಿರ ಇಟ್ಟುಕೊಳ್ಳಿ, ಸ್ವಲ್ಪ ಲೆಕ್ಕವಿದೆ.

ಮೊದಲು ಒಂದು ಗೊಂದಲ ಬಿಡಿಸೋಣ. ವಕೀಲರಿಗೆ ಕೊಡುವುದು ಅವರ ಫೀ. ಎದುರುಗಾರನಿಗೆ ಸಮನ್ಸ್ ಮುಟ್ಟಿಸಲು ಕಟ್ಟುವುದು ಪ್ರೊಸೆಸ್ ಫೀ. ನಕಲು ಬೇಕಾದರೆ ಅದಕ್ಕೆ ಬೇರೆ ಶುಲ್ಕ. ಇವು ಯಾವುವೂ ನಾನು ಹೇಳಹೊರಟ ಕೋರ್ಟ್ ಫೀ ಅಲ್ಲ. ನಿಮ್ಮ ದಾವೆಯನ್ನು ಕೋರ್ಟು ಕೈಗೆತ್ತಿಕೊಳ್ಳಬೇಕಾದರೆ ಸರ್ಕಾರಕ್ಕೆ ಸಲ್ಲಬೇಕಾದ ಶುಲ್ಕವೇ ಕೋರ್ಟ್ ಫೀ. ಅದು ಕಡಿಮೆ ಬಿದ್ದರೆ ತುಂಬಲು ಕೋರ್ಟು ಸಮಯ ಕೊಡುತ್ತದೆ. ಕೊಟ್ಟ ಸಮಯದಲ್ಲೂ ತುಂಬದಿದ್ದರೆ ದಾವೆಯೇ ತಿರಸ್ಕಾರವಾಗಬಹುದು.

ಈ ಶುಲ್ಕ ನಿಗದಿಪಡಿಸುವ ಅಧಿಕಾರ ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ರಾಜ್ಯಗಳದ್ದು. ಸುಪ್ರೀಂ ಕೋರ್ಟಿನ ಶುಲ್ಕವೊಂದೇ ಅದಕ್ಕೆ ಹೊರತು. 1956ರ ನವೆಂಬರ್ 1ರವರೆಗೆ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, 1870ರ ಬ್ರಿಟಿಷರ ಕಾಲದ ಕಾಯ್ದೆಯೇ ಇಲ್ಲಿ ನಡೆಯುತ್ತಿತ್ತು. ಏಕೀಕರಣದ ನಂತರ ಬೇರೆ ಬೇರೆ ಆಡಳಿತಗಳಿಂದ ಬಂದ ಪ್ರದೇಶಗಳಿಗೆಲ್ಲ ಒಂದೇ ಅಳತೆ ಬೇಕಾಯಿತು. ಹಾಗೆ ಬಂದದ್ದು 1958ರ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯಮಾಪನ ಕಾಯ್ದೆ. ಹಲವು ತಿದ್ದುಪಡಿ ಕಂಡರೂ ಇಂದಿಗೂ ಅದೇ ಕಾಯ್ದೆ.

ಈಗ ಲೆಕ್ಕಕ್ಕೆ ಬರೋಣ. ಕೈಗಡ ಕೊಟ್ಟ ಹಣ ವಾಪಸ್ ಬರಲಿಲ್ಲವೆಂದು ದಾವೆ ಹಾಕಿದರೆ ಫೀ ಮೊತ್ತದ ಮೇಲೆ ನಿಲ್ಲುತ್ತದೆ. ಮೊದಲ 15,000 ರೂಪಾಯಿಗೆ ಶೇ. 2.5. ಅಲ್ಲಿಂದ 75,000ದವರೆಗಿನ ಭಾಗಕ್ಕೆ ಶೇ. 7.5. ಮುಂದೆ ಎರಡೂವರೆ ಲಕ್ಷದವರೆಗೆ ಶೇ. 7, ಐದು ಲಕ್ಷದವರೆಗೆ ಶೇ. 6.5. ಹೀಗೆ ಮೇಲೇರಿದಂತೆ ದರ ಇಳಿಯುತ್ತ ಹೋಗಿ, 40 ಲಕ್ಷ ದಾಟಿದ ಭಾಗಕ್ಕೆ ಬರೀ ಅರ್ಧ ಶೇಕಡಾ.

ಎರಡು ಲಕ್ಷದ ಕೈಗಡ ಅಂತಿಟ್ಟುಕೊಳ್ಳಿ. 15,000ಕ್ಕೆ 375 ರೂಪಾಯಿ. ನಂತರದ 60,000ಕ್ಕೆ 4,500. ಉಳಿದ 1,25,000ಕ್ಕೆ 8,750. ಒಟ್ಟು 13,625. ಹೋದ ಹಣ ಹಿಂದೆ ಪಡೆಯಲು ಮೊದಲು ಕೈಯಿಂದ ಇಷ್ಟು ಹಾಕಬೇಕು. ಅದೇ ಒಂದು ಕೋಟಿಯ ದಾವೆಗೆ ಎಷ್ಟು? 1,50,875 ರೂಪಾಯಿ. ಮೊತ್ತ ಐವತ್ತು ಪಟ್ಟು ದೊಡ್ಡದು, ಫೀ ಹನ್ನೊಂದು ಪಟ್ಟಷ್ಟೇ. ಶೇಕಡಾವಾರು ನೋಡಿದರೆ ಎರಡು ಲಕ್ಷದವನ ಮೇಲೆ 6.8, ಕೋಟಿಯವನ ಮೇಲೆ 1.5. ಇಡೀ ಕೋಷ್ಟಕದಲ್ಲಿ ಅತಿ ಭಾರ ಬೀಳುವುದು ಸರಿಯಾಗಿ ಎರಡೂವರೆ ಲಕ್ಷದ ದಾವೆಯ ಮೇಲೆ, ಶೇ. 6.85. ಕಬ್ಬಿನ ಬಿಲ್ಲು ಬಂದಾಗ ಭಾವನಿಗೆ ಕೊಟ್ಟದ್ದು, ಟ್ರ್ಯಾಕ್ಟರ್ ಮಾರಿ ಬಾಕಿ ಉಳಿದದ್ದು, ಬಾವಿ ತೋಡಿಸಿದವನು ಕೊಡದೆ ಸತಾಯಿಸಿದ್ದು ಇಂಥ ನಮ್ಮ ಕಡೆಯ ವ್ಯಾಜ್ಯಗಳ ಮೊತ್ತ ಸುತ್ತಾಡುವುದು ಇದರ ಆಸುಪಾಸಿನಲ್ಲೇ. ಸೋತು ಮೇಲ್ಮನವಿಗೆ ಹೋದರೆ ಇದೇ ಅಳತೆಯಲ್ಲಿ ಮತ್ತೊಮ್ಮೆ ಕಟ್ಟಬೇಕು.

ಇನ್ನು ಹೊಲದ ಮಾತು. ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಕಾಯ್ದೆಯ 7ನೆಯ ಕಲಮಿನ ಪ್ರಕಾರ ಕಂದಾಯ ನಿಗದಿಯಾದ ಕೃಷಿ ಜಮೀನಿನ ಮೌಲ್ಯವೆಂದರೆ ಪೇಟೆಯ ಬೆಲೆಯಲ್ಲ, ವರ್ಷದ ಕಂದಾಯದ 25 ಪಟ್ಟು. ನಿಮ್ಮ ಉತಾರದಲ್ಲಿ ಕಂದಾಯ ಹತ್ತು ರೂಪಾಯಿ ಇದೆ ಎನ್ನಿ. ಇಪ್ಪತ್ತೈದು ಪಟ್ಟು ಮಾಡಿದರೆ 250. ಅದರ ಮೇಲೆ ಶೇ. 2.5 ಎಂದರೆ ಆರೂಕಾಲು ರೂಪಾಯಿ. ಘಟಪ್ರಭಾ ಕಾಲುವೆಯ ನೀರು ಹರಿಯುವ, ಎಕರೆಗೆ ಲಕ್ಷಗಟ್ಟಲೆ ಬೆಲೆಯ ಕಬ್ಬಿನ ಹೊಲ ತನ್ನದೆಂದು ಘೋಷಿಸಿ ಕಬ್ಜಾ ಕೊಡಿಸಿ ಎಂದು ಕೇಳುವ ದಾವೆಯ ಲೆಕ್ಕವಿದು. ಹೊಲ ಬಿನ್‌ಶೇತ್ಕಿಯಾಗಿ ಪ್ಲಾಟಾಗಿದ್ದರೆ ಮಾತ್ರ ಪೇಟೆಯ ಬೆಲೆ ಹಿಡಿಯುತ್ತಾರೆ.

ನನ್ನ ಬದುವಿನ ಮೇಲೆ ಬರದಂತೆ ತಡೆಯಿರಿ ಎನ್ನುವ ಬರೀ ನಿರ್ಬಂಧಕಾಜ್ಞೆಯ ದಾವೆಗೆ ಸಾಮಾನ್ಯವಾಗಿ ಮೌಲ್ಯ ಸಾವಿರ ರೂಪಾಯಿ ಎಂದು ತೋರಿಸುತ್ತಾರೆ, ಫೀ 25 ರೂಪಾಯಿ. ಅಣ್ಣತಮ್ಮಂದಿರ ವಾಟ್ಣಿಯಲ್ಲಿ, ಆಸ್ತಿ ಇನ್ನೂ ಜಂಟಿ ಕಬ್ಜೆಯಲ್ಲಿದೆ ಎಂದಾದರೆ, ಕೆಳಗಿನ ಕೋರ್ಟಿನಲ್ಲಿ ಕಟ್ಟುವ ಅತಿ ಹೆಚ್ಚಿನ ಫೀ 200 ರೂಪಾಯಿ. ನಿಮ್ಮನ್ನು ಆಸ್ತಿಯಿಂದ ಹೊರಗಿಟ್ಟಿದ್ದಾರೆ ಎಂದಾದರೆ ನಿಮ್ಮ ಪಾಲಿನ ಮೌಲ್ಯದ ಮೇಲೆ ಫೀ. ದಾವೆ ಪತ್ರದಲ್ಲಿ ವಕೀಲರು "ಜಂಟಿ ಕಬ್ಜೆ" ಎಂಬ ಮಾತನ್ನು ಅಷ್ಟು ಎಚ್ಚರದಿಂದ ಬರೆಯುವುದು ಇದಕ್ಕೇ.

ಹಾಗೆಂದು ಈ 200 ರೂಪಾಯಿಯನ್ನು ಕಂಡು ಮೂಗು ಮುರಿಯಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಸಿಕ್ಕ ಮೇಲೆ, ಗಂಡನ ಮನೆಯಲ್ಲಿರುವ ತಂಗಿ ತವರಿನ ಹೊಲದಲ್ಲಿ ಪಾಲು ಕೇಳಲು ಸಾಧ್ಯವಾಗಿರುವುದಕ್ಕೆ ಈ ಅಗ್ಗದ ಬಾಗಿಲೂ ಒಂದು ಕಾರಣ. ಪೇಟೆಯ ಬೆಲೆಯ ಮೇಲೆ ಶೇ. 6 ಕಟ್ಟು ಎಂದಿದ್ದರೆ ಎಷ್ಟು ಮಂದಿ ಬರುತ್ತಿದ್ದರು?

ಘಟಪ್ರಭೆಯ ಹೆಸರು ಹೇಳಿದಾಗ ನೆನಪಾಗುವ ಇನ್ನೊಂದು ಬಗೆಯ ವ್ಯಾಜ್ಯ ಮುಳುಗಡೆಯದು. ಆ ನದಿಗೆ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯ ಕಟ್ಟಿದಾಗ ಹುಕ್ಕೇರಿ ತಾಲೂಕಿನ ಊರು, ಹೊಲ ನೀರಿಗೆ ಹೋದವು. ಬೇಸಿಗೆಯಲ್ಲಿ ನೀರಿಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೆ ಕಾಣುವುದನ್ನು ನೀವೂ ನೋಡಿರಬಹುದು. 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಪರಿಹಾರ ಸಾಲದೆಂದು ಮೊದಲ ಸಲ ಸಿವಿಲ್ ಕೋರ್ಟಿಗೆ ಉಲ್ಲೇಖ ಕೇಳಿದಾಗ ಮೊತ್ತದ ಮೇಲಿನ ಫೀ ಇರಲಿಲ್ಲ. ಅಲ್ಲಿ ಸಿಕ್ಕದ್ದೂ ಸಾಲದೆಂದು ಹೈಕೋರ್ಟಿಗೆ ಮೇಲ್ಮನವಿ ಹೋದರೆ ಮಾತ್ರ, ಸಿಕ್ಕದ್ದಕ್ಕೂ ಕೇಳಿದ್ದಕ್ಕೂ ಇರುವ ಅಂತರದ ಮೇಲೆ ಫೀ. ಎಕರೆಗೆ ಎಷ್ಟು ಕೇಳಬೇಕು ಎಂಬುದನ್ನು ಹೊಲದ ಯೋಗ್ಯತೆಯ ಜೊತೆಗೆ ಕಿಸೆಯ ಯೋಗ್ಯತೆಯೂ ತೀರ್ಮಾನಿಸುತ್ತಿತ್ತು.

ಈಗ ಹಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ಗೋಕಾಕದ ಕೋರ್ಟಿನಲ್ಲಿ ನೀವು ಕಟ್ಟಿದ 13,625 ರೂಪಾಯಿ ಗೋಕಾಕದ ಕೋರ್ಟಿನಲ್ಲಿ ಉಳಿಯುವುದಿಲ್ಲ. ಸಂವಿಧಾನದ 266ನೆಯ ವಿಧಿಯಂತೆ ಅದು ರಾಜ್ಯದ ಸಂಚಿತ ನಿಧಿ ಸೇರುತ್ತದೆ. ಸರ್ಕಾರಿ ಲೆಕ್ಕಪತ್ರದಲ್ಲಿ ಅದನ್ನು ಬರೆದುಕೊಳ್ಳುವುದು ಸಹ ಮುದ್ರಾಂಕ ಮತ್ತು ನೋಂದಣಿಯ ಬಾಬ್ತಿನಲ್ಲಿ, 0030 ಎಂಬ ಶೀರ್ಷಿಕೆಯ ಕೆಳಗೆ. ಸಿಬ್ಬಂದಿಯ ಸಂಬಳ ಹೊರಡುವುದು ನ್ಯಾಯಾಡಳಿತದ ಬಾಬ್ತಿನಿಂದ, 2014 ಎಂಬ ಶೀರ್ಷಿಕೆಯಿಂದ. ಒಂದು ಜಮೆಯ ಪುಟ, ಇನ್ನೊಂದು ಖರ್ಚಿನ ಪುಟ. ನಡುವೆ ಇರುವುದು ಬೆಂಗಳೂರಿನ ಖಜಾನೆ ಮತ್ತು ವಿಧಾನಮಂಡಲ ಒಪ್ಪುವ ಬಜೆಟ್ಟು.

ಹಿಡಕಲ್ ಅಚ್ಚುಕಟ್ಟಿನ ರೈತರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನೀವು ಬೆಳೆಗೆ ತಕ್ಕಂತೆ ನೀರಿನ ಕರ ಕಟ್ಟುತ್ತೀರಿ, ಡ್ಯಾಮಿನ ಗೇಟು ನೋಡಿಕೊಳ್ಳುವವನಿಗೆ ನೀರಾವರಿ ಇಲಾಖೆ ಪಗಾರ ಕೊಡುತ್ತದೆ. ನೀರಿನ ಕರ ಬಾಕಿ ಬಿದ್ದಿತೆಂದು ಅವನ ಪಗಾರ ನಿಲ್ಲುವುದಿಲ್ಲ. ಕರ ಏರಿತೆಂದು ಅವನ ಜೊತೆಗೆ ಇನ್ನೊಬ್ಬನನ್ನು ನೇಮಿಸುವುದೂ ಇಲ್ಲ.

ಹಾಗಾದರೆ ಕೋರ್ಟ್ ನೌಕರರ ಪಗಾರ ಏರುವುದು ಹೇಗೆ? ರಾಜ್ಯದ ಬೇರೆ ನೌಕರರಿಗೆ ಏರುವಂತೆಯೇ, ವೇತನ ಆಯೋಗಗಳಿಂದ. 2024ರ ಆಗಸ್ಟ್ 1ರಿಂದ ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸು ಜಾರಿಯಾದಾಗ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಹೋಯಿತು. ಆ ತೀರ್ಮಾನಕ್ಕೂ ಕೋರ್ಟ್ ಫೀಯ ಕೋಷ್ಟಕಕ್ಕೂ ಕೊಂಡಿಯಿಲ್ಲ. ಅಧೀನ ನ್ಯಾಯಾಲಯಗಳ ಸಿಬ್ಬಂದಿಯ ಸ್ಥಿತಿಗತಿಯನ್ನೇ ಪ್ರತ್ಯೇಕವಾಗಿ ನೋಡಿದ್ದು ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗ. ಅದು 2003ರಲ್ಲಿ ಕೊಟ್ಟ ವರದಿ ಜಾರಿಯಾಗಲು 2009ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಆದೇಶ ಕೊಡಬೇಕಾಯಿತು. ಕೋರ್ಟಿನಲ್ಲಿ ಕೆಲಸ ಮಾಡುವವರ ಸಂಬಳಕ್ಕೂ ಕೋರ್ಟೇ ಬೇಕಾಯಿತು ಎಂದು ನಗಬಹುದು. ಅವರಿಗೆ ಅದು ನಗುವ ವಿಷಯವಾಗಿರಲಿಲ್ಲ.

ಆ ನೌಕರರು ಯಾರೆಂಬುದನ್ನೂ ಒಂದಿಷ್ಟು ನೋಡಿ, ಯಾಕೆಂದರೆ ಹೊಸಬರ ಕಣ್ಣು ಕರಿಕೋಟಿನ ಮೇಲೇ ಇರುತ್ತದೆ. ನಿಮ್ಮ ದಾವೆ ಪತ್ರ ತೆಗೆದುಕೊಂಡು ಫೀ ಸರಿಯಿದೆಯೇ ಎಂದು ಪರಿಶೀಲಿಸುವುದು ಶಿರಸ್ತೇದಾರರ ಕಚೇರಿ. ಸಮನ್ಸ್ ಹಿಡಿದು ಯಮಕನಮರಡಿಗೋ ಕೌಜಲಗಿಗೋ ಹೋಗಿ, ಮನೆಯಲ್ಲಿಲ್ಲ ಎಂದವನನ್ನು ಹುಡುಕಿ, ಕೊನೆಗೆ ಬಾಗಿಲಿಗೆ ಅಂಟಿಸಿ ಬರುವವನು ಬೆಲೀಫ. ಹೆಸರು ಕೂಗುವವನು ಪಟ್ಟೇವಾಲಾ. ಸಾಕ್ಷಿ ಹೇಳಿದ್ದು ಕಾಗದಕ್ಕಿಳಿಯುವುದು ಶೀಘ್ರಲಿಪಿಗಾರರ, ಬೆರಳಚ್ಚುಗಾರರ ಕೈಯಿಂದ. ಕಡತ ಹುಡುಕುವವರು, ನಕಲು ಕೊಡುವವರು, ಮುಂದಿನ ತಾರೀಖು ಬರೆಯುವ ಬೆಂಚ್ ಕ್ಲರ್ಕು ಬೇರೆ. ಒಬ್ಬ ಬೆಲೀಫನ ಜಾಗ ಖಾಲಿ ಬಿದ್ದರೆ ಸಮನ್ಸ್ ಜಾರಿಯಾಗದೆ ನೂರಾರು ಪ್ರಕರಣ ಒಂದೇ ಹೆಜ್ಜೆಯಲ್ಲಿ ನಿಲ್ಲುತ್ತವೆ. ನ್ಯಾಯಾಧೀಶರು ಎಷ್ಟೇ ಚುರುಕಾಗಿದ್ದರೂ ಜಾರಿಯಾಗದ ಸಮನ್ಸಿನ ಮೇಲೆ ವಿಚಾರಣೆ ನಡೆಸಲಾಗದು. ಸಿಬ್ಬಂದಿಗೆ ಹಣ ಬೇಕು ಎಂಬ ಮಾತಿನ ಮೊದಲರ್ಧ ಅಪ್ಪಟ ನಿಜ. ಜಗಳವಿರುವುದು ಆ ಹಣ ಫೀಯಿಂದಲೇ ಬರಲಿ ಎಂಬ ಉಳಿದರ್ಧದ ಬಗ್ಗೆ.

ಆ ಉಳಿದರ್ಧಕ್ಕೆ ಕಾನೂನಿನಲ್ಲಿ ಜಾಗ ಎಷ್ಟಿದೆ? 1973ರಲ್ಲಿ ಮದ್ರಾಸಿನ ಜೆನಿತ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೋರ್ಟ್ ಫೀ ತೆರಿಗೆಯಲ್ಲ, ಶುಲ್ಕ ಎಂದಿತು. ತೆರಿಗೆಗೆ ಪ್ರತಿಯಾಗಿ ಇಂಥದ್ದೇ ಸೇವೆ ಎಂದು ಸರ್ಕಾರ ತೋರಿಸಬೇಕಿಲ್ಲ, ಶುಲ್ಕಕ್ಕೆ ತೋರಿಸಬೇಕು. ಹಾಗಾಗಿ ಸಂಗ್ರಹವಾಗುವ ಹಣಕ್ಕೂ ಸಿವಿಲ್ ನ್ಯಾಯದ ವೆಚ್ಚಕ್ಕೂ ಸ್ಥೂಲವಾದ ಹೊಂದಾಣಿಕೆ ಇರಬೇಕು. ನಮ್ಮ 1958ರ ಕಾಯ್ದೆಯೇ ಪರೀಕ್ಷೆಗೆ ಬಂದದ್ದು ಪಿ.ಎಂ. ಅಶ್ವತ್ಥನಾರಾಯಣ ಸೆಟ್ಟಿ ಪ್ರಕರಣದಲ್ಲಿ, 1988ರಲ್ಲಿ. ಮೊತ್ತ ಏರಿದಂತೆ ಫೀ ಏರುತ್ತಲೇ ಹೋಗುತ್ತದೆ, ಮೇಲ್ಮಿತಿಯೇ ಇಲ್ಲ ಎಂಬುದು ತಕರಾರು. ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು ಬರೆದ ತೀರ್ಪು ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಶುಲ್ಕದ ರಚನೆಯನ್ನು ಸರಿಪಡಿಸುವ ಬಗ್ಗೆ ಸರ್ಕಾರಗಳು ಯೋಚಿಸಲಿ ಎಂದೂ ಹೇಳಿತು. ಸುಳ್ಳು ದಾವೆ ತಡೆಯಲೆಂದು ಫೀ ಹಾಕುತ್ತೇವೆ ಎಂದಿದ್ದ 1795ರ ಬಂಗಾಳದ ನಿಯಮವನ್ನು ಮೆಕಾಲೆ ಗೇಲಿ ಮಾಡಿದ್ದನ್ನು ಆ ತೀರ್ಪು ನೆನೆಯುತ್ತದೆ. ಫೀ ಹೆಚ್ಚಿದರೆ ಸುಳ್ಳುಗಾರನಷ್ಟೇ ಅಲ್ಲ, ನಿಜವಾದ ದಾವೆಯಿರುವ ಬಡವನೂ ಹಿಂದೆ ಸರಿಯುತ್ತಾನೆ ಎಂಬುದು ಆ ಗೇಲಿಯ ತಿರುಳು.

ಸಂಬಳದ ವಿಷಯವನ್ನೇ ನೇರವಾಗಿ ಮುಟ್ಟಿದ್ದು ಎಂ.ಸಿ. ಸೆಟಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ, 1958ರ ತನ್ನ 14ನೆಯ ವರದಿಯಲ್ಲಿ. ತತ್ತ್ವ ಹಿಡಿದು ಹೇಳುವುದಾದರೆ ನ್ಯಾಯ ಕೇಳಬಂದವರಿಂದ ಫೀ ಪಡೆಯುವುದೇ ಸರಿಯಲ್ಲ, ಪಡೆದರೂ ಸಿವಿಲ್ ನ್ಯಾಯದ ವೆಚ್ಚ ಮೀರಕೂಡದು, ನ್ಯಾಯಾಧೀಶರ ಸಂಬಳವನ್ನಂತೂ ಎಲ್ಲರ ತೆರಿಗೆಯಿಂದಲೇ ಕೊಡಬೇಕು ಎಂದು ಅದು ಹೇಳಿತು. ಹಾಗಾದರೆ ಗುಮಾಸ್ತರ, ಬೆಲೀಫರ ಪಗಾರ ಫೀಯಿಂದ ಬರಬಹುದಲ್ಲ ಎಂದು ವಾದಿಸುವವರಿಗೆ ಇಲ್ಲೊಂದು ಸಂದಿ ಸಿಗುತ್ತದೆ, ಒಪ್ಪೋಣ. ಆದರೆ ತಾಲೂಕು ಕೋರ್ಟಿನಲ್ಲಿ ಇದನ್ನು ಲೆಕ್ಕ ಹಾಕಿ ನೋಡಿ. ಮೂಡಲಗಿಯಂಥ ಕಡೆ ಸಿವಿಲ್ ನ್ಯಾಯಾಧೀಶರೇ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು. ಬೆಳಿಗ್ಗೆ ಕಳ್ಳತನದ ಆರೋಪಿಯನ್ನು ಹಾಜರುಪಡಿಸಿದಾಗ ಇದ್ದ ಸಿಬ್ಬಂದಿಯೇ ಮಧ್ಯಾಹ್ನ ವಾಟ್ಣಿ ದಾವೆಗೂ ಇರುತ್ತಾರೆ. ಕ್ರಿಮಿನಲ್ ಕೆಲಸ ಸರ್ಕಾರದ ಹೊಣೆ, ಅದರ ಖರ್ಚನ್ನು ಸಿವಿಲ್ ದಾವೆದಾರರ ಮೇಲೆ ಹಾಕುವಂತಿಲ್ಲ. ಹಾಗಾದರೆ ಪಟ್ಟೇವಾಲಾನ ಪಗಾರದಲ್ಲಿ ಎಷ್ಟು ಪಾಲು ಸಿವಿಲ್, ಎಷ್ಟು ಕ್ರಿಮಿನಲ್?

ಕಾಯ್ದೆ ಮಾಡಿ ಪ್ರತ್ಯೇಕ ನಿಧಿ ಕಟ್ಟಿದರಾಯಿತು ಎನ್ನಬಹುದು. ಅದಕ್ಕೆ ಉದಾಹರಣೆ ನಿಮ್ಮ ವಕಾಲತ್ತಿನ ಮೇಲೇ ಇದೆ. ಅದರ ಮೇಲೆ ಅಂಟಿಸುವ ವಕೀಲರ ಕಲ್ಯಾಣ ನಿಧಿಯ ಸ್ಟ್ಯಾಂಪು 1983ರ ಕಾಯ್ದೆಯಿಂದ ಬಂದದ್ದು, ಅದರ ಹಣ ಆ ನಿಧಿಗೇ ಹೋಗುತ್ತದೆ. ನೌಕರರಿಗೂ ಅಂಥದ್ದೊಂದು ಯಾಕಿರಬಾರದು? ಕಲ್ಯಾಣ ನಿಧಿ ಬೇರೆ, ತಿಂಗಳ ಪಗಾರ ಬೇರೆ, ಇದು ನನ್ನ ಉತ್ತರ. ದಾವೆ ಹೆಚ್ಚು ಬಂದ ವರ್ಷ ಪಗಾರಕ್ಕೆ ಹಣ, ಕಡಿಮೆ ಬಂದ ವರ್ಷ ಕೊರತೆ ಎಂದಾದರೆ, ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಸಿ ಫೀ ಹಿಂತಿರುಗಿಸುವ ಕೋರ್ಟೇ ತನ್ನ ಸಿಬ್ಬಂದಿಯ ಊಟಕ್ಕೆ ಕಲ್ಲು ಹಾಕಿಕೊಂಡಂತೆ. ಜಗಳ ಕಡಿಮೆಯಾಗುವುದನ್ನು ಕಂಡು ಕೋರ್ಟು ಕಂಗಾಲಾಗುವ ವ್ಯವಸ್ಥೆ ಯಾರಿಗೂ ಬೇಡ.

ಅಕ್ಕಪಕ್ಕದವರು ಏನು ಮಾಡಿದ್ದಾರೆ? ಹುಕ್ಕೇರಿಯಿಂದ ಗಡಿ ದಾಟಿದರೆ ಮಹಾರಾಷ್ಟ್ರ. ಅಲ್ಲಿ ಮೇಲ್ಮಿತಿ ಇದೆ. 2018ರ ಜನವರಿಯಲ್ಲಿ ಅದನ್ನು 3 ಲಕ್ಷದಿಂದ 10 ಲಕ್ಷಕ್ಕೆ ಏರಿಸಿದರು. ತಮಿಳುನಾಡು 2017ರಲ್ಲಿ ಉಲ್ಟಾ ದಾರಿ ಹಿಡಿದು ಶೇ. 7.5 ಇದ್ದದ್ದನ್ನು ಶೇ. 3ಕ್ಕೆ ಇಳಿಸಿತು. ಕೇರಳ ಏರಿಸಿತು. ಕಾಸರಗೋಡಿನ ಕನ್ನಡಿಗನೊಬ್ಬ ಚೆಕ್ ಬೌನ್ಸ್ ದೂರು ಕೊಡಲು ಮೊದಲು 10 ರೂಪಾಯಿ ಸಾಕಿತ್ತು. 2024-25ರ ಬಜೆಟ್ಟಿನ ನಂತರ 10,000ದವರೆಗಿನ ಚೆಕ್ಕಿಗೆ 250 ರೂಪಾಯಿ, ಅದನ್ನು ಮೀರಿದರೆ ಚೆಕ್ಕಿನ ಮೊತ್ತದ ಶೇ. 5, ಗರಿಷ್ಠ 3 ಲಕ್ಷ. ಇನ್ನೂ ದೂರದ ಪಾಠ ಬ್ರಿಟನ್ನಿನದು. ಕೆಲಸಗಾರರ ನ್ಯಾಯಮಂಡಳಿಗಳಿಗೆ 2013ರಲ್ಲಿ ಅಲ್ಲಿಯ ಸರ್ಕಾರ ಫೀ ಹಾಕಿತು, ಬಳಸುವವರೇ ವೆಚ್ಚ ಭರಿಸಲಿ ಎಂಬ ಇದೇ ವಾದ ಹಿಡಿದು. ಅರ್ಜಿಗಳು ದಬದಬನೆ ಬಿದ್ದುಹೋದವು. ಯೂನಿಸನ್ ಎಂಬ ಕಾರ್ಮಿಕ ಸಂಘ ಕೋರ್ಟಿಗೆ ಹೋಯಿತು, 2017ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆ ಫೀಯನ್ನೇ ರದ್ದು ಮಾಡಿತು. ನ್ಯಾಯ ಕೇಳುವವನಿಗೆ ಮಾತ್ರವಲ್ಲ, ಕೋರ್ಟಿಗೆ ಎಂದೂ ಹೋಗದವನಿಗೂ ಕೋರ್ಟಿನಿಂದ ಲಾಭವಿದೆ ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಸಾಲ ಪಡೆದವನು, ಕೊಟ್ಟವನು ಕೋರ್ಟಿಗೆ ಹೋಗಬಲ್ಲನೆಂಬ ಅಂಜಿಕೆಯಿಂದಲೇ ಎಷ್ಟೋ ಸಲ ಹಣ ತೀರಿಸುವುದಿಲ್ಲವೇ?

ಹಾಗಾಗಿ ನನ್ನ ಅಭಿಪ್ರಾಯ: ಪಗಾರ ಸಾಮಾನ್ಯ ಖಜಾನೆಯಿಂದಲೇ ಬರಬೇಕು, ಖಾಲಿ ಹುದ್ದೆ ತುಂಬದಿರುವುದಕ್ಕೆ ಫೀ ಕಡಿಮೆಯಿದೆ ಎಂಬ ನೆಪ ಹೇಳಕೂಡದು. ಫೀಯ ಕೋಷ್ಟಕವನ್ನು ಮುಟ್ಟುವುದೇ ಆದರೆ ಎರಡೂವರೆ ಲಕ್ಷದವನ ಮೇಲಿನ ಭಾರ ಇಳಿಸುವುದರಿಂದ ಶುರು ಮಾಡಲಿ. ಹೊಲದ 25 ಪಟ್ಟಿನ ಲೆಕ್ಕ ಹಳತಾಗಿದೆ, ನಿಜ. ಆದರೆ ಅದನ್ನು ಪೇಟೆಯ ಬೆಲೆಗೆ ಎಳೆದರೆ ಮೊದಲು ಏಟು ಬೀಳುವುದು ಪಾಲು ಕೇಳುವ ತಂಗಿಗೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಾಗ ಇಂಥ ಮಸೂದೆ ಬಂದರೆ, ನಿಮ್ಮ ಶಾಸಕರನ್ನು ಕೇಳಿ: ಯಾವ ಹಂತದ ದಾವೆಗೆ ಎಷ್ಟು ಏರುತ್ತದೆ, ಬಂದ ಹಣಕ್ಕೆ ಪ್ರತಿಯಾಗಿ ಎಷ್ಟು ಬೆಲೀಫರ, ಗುಮಾಸ್ತರ ಹುದ್ದೆ ಮಂಜೂರಾಗುತ್ತದೆ.

ಮಸೂದೆಯ ಮಾತು ಹಾಗಿರಲಿ, ನಾಳೆಯೇ ದಾವೆ ಹಾಕಲಿರುವವರಿಗೆ ಇಷ್ಟು. ನೀವು ಕಟ್ಟಿದ ಫೀ ಗೆದ್ದಾಗ ಡಿಕ್ರಿಯ ಖರ್ಚಿನ ಪಟ್ಟಿಯಲ್ಲಿ ಸೇರುತ್ತದೆ, ಅದನ್ನು ಎದುರುಗಾರನಿಂದ ಕೊಡಿಸಿ ಎಂದು ಕೇಳಬಹುದು, ರಸೀದಿ ಜೋಪಾನವಾಗಿರಲಿ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಫೀ ವಾಪಸ್ ಪಡೆಯುವ ಅವಕಾಶವಿದೆ, ರಾಜಿ ಪತ್ರಕ್ಕೆ ಸಹಿ ಹಾಕುವ ದಿನವೇ ವಕೀಲರಿಗೆ ಅದನ್ನು ನೆನಪಿಸಿ. ಫೀ ಕಟ್ಟಲು ಕೈಲಾಗದವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೆಯ ಆದೇಶದ ಕೆಳಗೆ ನಿರ್ಗತಿಕರಾಗಿ ದಾವೆ ಹಾಕಲು ಅನುಮತಿ ಕೇಳಬಹುದು. ಅದಕ್ಕೂ ಸುಲಭವಾದದ್ದು 1987ರ ಕಾನೂನು ಸೇವೆಗಳ ಕಾಯ್ದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆ ಆದಾಯದ ಮಿತಿಯೇ ಇಲ್ಲ. ಉಳಿದವರಿಗೆ ಕರ್ನಾಟಕದಲ್ಲಿ ವಾರ್ಷಿಕ ಆದಾಯ 3 ಲಕ್ಷದೊಳಗಿರಬೇಕು. ಅರ್ಹರಿಗೆ ವಕೀಲರನ್ನೂ ಕೊಡುತ್ತಾರೆ, ಕೋರ್ಟ್ ಫೀಯನ್ನೂ ಭರಿಸುತ್ತಾರೆ. ತಾಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಇರುವುದು ಕೋರ್ಟಿನ ಆವರಣದಲ್ಲೇ. ಆಧಾರ್ ಕಾರ್ಡು, ಉತಾರ, ಬೇಕಿದ್ದರೆ ಆದಾಯ ಪ್ರಮಾಣಪತ್ರ ಹಿಡಿದು ವಕೀಲರನ್ನು ಗೊತ್ತು ಮಾಡುವ ಮೊದಲೇ ಅಲ್ಲಿಗೆ ಹೋಗಿ.